ಉಸಿರು ಬಿಡಬೇಡ, ಬುಗುರಿ!

ಬಗ್ಗಿದ ಅಪ್ಪ ಮೇಲೇಳಲೇ ಇಲ್ಲ.

ಬುಗುರಿ ಇನ್ನೂ ಚಪ್ಪಾಳೆ ತಟ್ಟುತ್ತಿದ್ದಳು. ತಟ್ಟದೆ ಏನು ಮಾಡುತ್ತಾಳೆ? ಅಪ್ಪ ನಿಂತಲ್ಲಿಂದಲೇ ಹಾರಿ, ಎರಡೂ ಅಂಗೈ ನೆಲಕ್ಕೂರಿ, ಬೀರುವಿನ ಅಡಿಗೆ ಉರುಳಿದ್ದ ಅವಳ ರಬ್ಬರನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದ. ಅಂಥ ಅಪ್ಪ ಅವಳ ಕ್ಲಾಸಿನಲ್ಲಿ ಬೇರೆ ಯಾರಿಗಿದ್ದಾರೆ?

“ಸೂಪರ್ ಅಪ್ಪಾ! ಸಾಕು, ಏಳು.”

“ಏವ್ತೀವಿ,” ಅಂದ ಅಪ್ಪ. ಬಾಯಲ್ಲಿ ರಬ್ಬರಿತ್ತಲ್ಲ.

“ಏಳು ಮತ್ತೆ.”

ಅಪ್ಪ ರಬ್ಬರನ್ನು ಉಗುಳಿದ. “ಏಳ್ತಾನೇ ಇದೀನಿ. ನಿಂಗೆ ಕಾಣಿಸ್ತಿಲ್ಲ ಅಷ್ಟೆ.”

ಬುಗುರಿ ತಲೆ ಬಗ್ಗಿಸಿ ಅಪ್ಪನ ಮುಖ ನೋಡಿದಳು. ಮುಖ ತಲೆಕೆಳಗಾಗಿತ್ತು. ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಹಣೆಯ ಬೆವರು ಕೂದಲಿನ ಕಡೆಗೆ ಹರಿಯುತ್ತಿತ್ತು.

“ಅಪ್ಪಾ, ಕಟಕ್ ಅಂತು ನೋಡು, ಅದು ಬೀರು ಅಲ್ವಾ?”

“ಬೀರು ಅಲ್ಲ ಕಣೇ. ನಾನು.”

ಅಪ್ಪನ ಸೊಂಟ ಹಿಡಿದುಕೊಂಡಿತ್ತು. ಬುಗುರಿ ಒಂದು ಕುರ್ಚಿ ಎಳೆದು ತಂದಳು. ಅಪ್ಪ ಕುರ್ಚಿ ಹಿಡಿದು, ಆಮೇಲೆ ಗೋಡೆ ಹಿಡಿದು, ಆಮೇಲೆ ಬುಗುರಿಯ ತಲೆ ಹಿಡಿದು, “ಅಯ್ಯಮ್ಮಾ, ಅಯ್ಯಮ್ಮಾ” ಅನ್ನುತ್ತಾ ಮುಕ್ಕಾಲು ಭಾಗ ಮೇಲೆದ್ದ. ಇನ್ನು ಕಾಲು ಭಾಗ ಏಳಲಾಗಲಿಲ್ಲ. ಒಂದು ಭುಜ ಕೆಳಗೆ, ಒಂದು ಭುಜ ಮೇಲೆ, ಬಲಗೈ ಸೊಂಟದ ಮೇಲೆ. ಹಾಗೇ ನಿಂತುಬಿಟ್ಟ.

ತಪ್ಪು ಯಾರದು? ಬುಗುರಿಗೆ ಚೆನ್ನಾಗಿ ಗೊತ್ತಿತ್ತು. “ನಿನ್ನ ಕ್ಲಾಸಿನ ಎದುರುಗಡೆ ಮಿಂಚು ಯೋಗದ ಸರ್ ನಿಂತಲ್ಲಿಂದ್ಲೇ ಹಾರಿ ಕೈ ಮೇಲೆ ನಿಲ್ತಾರಂತೆ. ನಿಂಗೆ ಅದು ಬರಲ್ಲ ಅಲ್ವಾ ಅಪ್ಪಾ?” ಎಂದು ಕೆಣಕಿದ್ದು ಅವಳೇ. ಒಂದು ನಿಮಿಷವೂ ಒಂದು ಕಡೆ ನಿಲ್ಲದವಳು ಅಂತ ಅವಳಿಗೆ ಬುಗುರಿ ಎಂದು ಹೆಸರಿಟ್ಟವನು ಅಪ್ಪ. ಆದರೆ ಇವತ್ತು ಬುಗುರಿ ಸುಮ್ಮನೆ ನಿಂತಿದ್ದಳು, ಅಪ್ಪ ಗಿರಕಿ ಹೊಡೆದು ವಾಲಿದ್ದ.

“ಡಾಕ್ಟರ ಹತ್ರ ಹೋಗೋಣ ಅಪ್ಪಾ.”

“ಶ್ಶ್! ಮೆಲ್ಲಗೆ!” ಅಪ್ಪ ಕಿಟಕಿಯ ಕಡೆ ನೋಡಿದ. “ಯಾರ ಹತ್ರಾನೂ ಉಸಿರು ಬಿಡಬೇಡ.”

ಬುಗುರಿಗೆ ನಗು ಬಂತು. “ದಿನಾ ಬೆಳಿಗ್ಗೆ ಉಸಿರು ಬಿಡಿ, ಉಸಿರು ಬಿಡಿ ಅಂತ ಕೂಗೋನು ನೀನೇ ಅಲ್ವಾ?”

“ಅದು ಬೇರೆ ಉಸಿರು, ಇದು ಬೇರೆ ಉಸಿರು. ಅಮ್ಮನ ಹತ್ರಾನೂ ಬಿಡಬೇಡ. ಗೊತ್ತಾಯ್ತಾ?”

ಅಪ್ಪನ ಹೆದರಿಕೆಗೆ ಕಾರಣ ಇತ್ತು. ಅವನು ಯೋಗ ಕಲಿಸುವ ಮೇಷ್ಟ್ರು. ಪಕ್ಕದ ಬೀದಿಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಕ್ಲಾಸು. ಮೊದಲು ಅದರ ಹೆಸರು ನೆಮ್ಮದಿ ಯೋಗ. ಎಲ್ಲರೂ ಆರಾಮಾಗಿ ಬಗ್ಗಿ, ಆರಾಮಾಗಿ ಎದ್ದು, ಕೊನೆಗೆ ಶವಾಸನದಲ್ಲಿ ಮಲಗಿ ಗೊರಕೆ ಹೊಡೆದು ಮನೆಗೆ ಹೋಗುತ್ತಿದ್ದರು.

ಆಗ ಎದುರು ಕಟ್ಟಡದಲ್ಲಿ ಮಿಂಚು ಯೋಗ ಶುರುವಾಯಿತು. ಅಲ್ಲಿ ದೊಡ್ಡ ಸ್ಪೀಕರು, ಢಂ ಢಂ ಮ್ಯೂಸಿಕ್ಕು. ಒಂದು ಆಸನದಿಂದ ಇನ್ನೊಂದಕ್ಕೆ ಹಾರುವುದೇ ಹಾರುವುದು, ನಡುವೆ ನಿಲ್ಲುವ ಮಾತೇ ಇಲ್ಲ. ಅಪ್ಪನ ಕ್ಲಾಸಿನವರು ಒಬ್ಬೊಬ್ಬರಾಗಿ ಚಾಪೆ ಸುತ್ತಿಕೊಂಡು ರಸ್ತೆ ದಾಟಿದರು.

ಅಪ್ಪ ಬಿಡುತ್ತಾನಾ? ಬೋರ್ಡಿನಲ್ಲಿದ್ದ ನೆಮ್ಮದಿಯನ್ನು ಬಣ್ಣ ಬಳಿದು ಅಳಿಸಿಹಾಕಿದ. ಅದರ ಮೇಲೆ ಬಿರುಗಾಳಿ ಯೋಗ ಎಂದು ಬರೆಸಿದ. ಮೊದಲು ಒಂದು ಆಸನಕ್ಕೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಈಗ ಹತ್ತು ಆಸನ ಮುಗಿಯತೊಡಗಿದವು. ಕೈ ಮೇಲೆ, ಬಗ್ಗು, ಹಿಂದಕ್ಕೆ ಹಾರು, ಎದೆ ಎತ್ತು, ಮುಂದಕ್ಕೆ ಹಾರು! ಶವಾಸನಕ್ಕೆ ಮಾತ್ರ ಟೈಮ್ ಸಾಲುತ್ತಿರಲಿಲ್ಲ. “ಅದನ್ನ ಮನೇಲಿ ಮಾಡ್ಕೊಳ್ಳಿ, ಹೋಂವರ್ಕು,” ಅನ್ನುತ್ತಿದ್ದ ಅಪ್ಪ.

ಮಹಡಿಯ ಹೊರಗೆ ಒಂದು ಬ್ಯಾನರೂ ಬಂತು. ಅದರಲ್ಲಿ ಅಪ್ಪ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿದ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ, “ಬೆನ್ನುನೋವೇ? ಸೊಂಟನೋವೇ? ನಮ್ಮಲ್ಲಿ ಆ ಮಾತೇ ಇಲ್ಲ!”

“ನೀನೇ ಹೇಳು,” ಅಂದ ಅಪ್ಪ, ಗೋಡೆ ಹಿಡಿದುಕೊಂಡೇ. “ಸೊಂಟ ಹಿಡ್ಕೊಂಡಿರೋ ಮೇಷ್ಟ್ರ ಹತ್ರ ಯಾರು ಬರ್ತಾರೆ? ಉಳಿದವ್ರೂ ಎದುರುಗಡೆಗೆ ಹೋಗ್ತಾರೆ. ಕ್ಲಾಸಿಗೆ ಬೀಗ ಹಾಕ್ಬೇಕಾಗುತ್ತೆ. ಬಾಯಿ ಬಿಟ್ರೆ ಬಣ್ಣಗೇಡು ಪುಟ್ಟಾ.”

ಬೀಗ ಅಂದ ಕೂಡಲೇ ಬುಗುರಿ ನೆಲದ ಮೇಲೆ ಬಿದ್ದಿದ್ದ ರಬ್ಬರನ್ನು ನೋಡಿದಳು. ಒಂದು ರಬ್ಬರಿಗೋಸ್ಕರ, ಅದೂ ಅರ್ಧ ಸವೆದ ರಬ್ಬರಿಗೋಸ್ಕರ, ಅಪ್ಪನ ಕ್ಲಾಸು ಮುಚ್ಚಿಹೋಗುವುದೇ?

“ಉಸಿರು ಬಿಡಲ್ಲ ಅಪ್ಪಾ. ಪ್ರಾಮಿಸ್,” ಅಂದಳು.

ಮೆಡಿಕಲ್ ಅಂಗಡಿಗೆ ಅವಳೇ ಓಡಿದಳು.

“ಅಂಕಲ್, ಸೊಂಟಕ್ಕೆ ಹಾಕೋ ಬೆಲ್ಟ್ ಕೊಡಿ. ನೋವಿನ ಮುಲಾಮೂ ಬೇಕು.”

“ಯಾರಿಗಮ್ಮ?” ಎಂದು ಕೇಳಿದರು ಅಂಗಡಿಯ ಅಂಕಲ್.

ಬುಗುರಿ ಇದಕ್ಕೆ ತಯಾರಾಗಿ ಬಂದಿರಲಿಲ್ಲ. “ನಮ್ಮ… ನಮ್ಮ ಅಜ್ಜಿಗೆ.”

“ಸೈಜ್ ಬೇಕಲ್ಲ. ಅಜ್ಜಿ ದಪ್ಪನಾ, ಸಣ್ಣನಾ?”

“ಸಣ್ಣ. ಆದ್ರೆ ಉದ್ದ. ಮೀಸೆ…” ಬುಗುರಿ ನಾಲಿಗೆ ಕಚ್ಚಿಕೊಂಡಳು.

“ಮೀಸೆನಾ?”

“ಮೀಸೆ ಇಲ್ಲ ಅಂಕಲ್. ಅಜ್ಜಿಗೆ ಎಲ್ಲಿಂದ ಬರಬೇಕು ಮೀಸೆ?”

ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಬಂದು ನಿಂತರು. ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡಿದ್ದರು. “ನಂಗೂ ಅದೇ ಕೊಡಿ. ಬೆಲ್ಟು, ಮುಲಾಮು,” ಅಂದರು ಪಿಸುಮಾತಿನಲ್ಲಿ.

“ನಿಮಗೆ ಯಾರಿಗೆ ಸಾರ್?”

“ನಮ್ಮ ಅಜ್ಜಿಗೆ.”

“ಏನ್ ಸ್ವಾಮಿ ಇದು! ಈ ಏರಿಯಾದ ಅಜ್ಜಿಯರೆಲ್ಲ ಕುಸ್ತಿ ಆಡೋಕೆ ಶುರು ಮಾಡಿದ್ದಾರಾ?” ಎನ್ನುತ್ತಾ ಅಂಕಲ್ ಒಳಗೆ ಹೋದರು.

ಬುಗುರಿ ಮೆಲ್ಲಗೆ ಕೆಳಗೆ ನೋಡಿದಳು. ಹಳದಿ ಶೂ. ಶೂ ಮೇಲೆ ಮಿಂಚಿನ ಗುರುತು. ಅಂಥ ಶೂ ಹಾಕುವವರು ಈ ಸುತ್ತಿನಲ್ಲಿ ಒಬ್ಬರೇ, ಮಿಂಚು ಯೋಗದ ಸರ್.

ಅವರೂ ಬುಗುರಿಯನ್ನು ನೋಡಿದರು. ಅವಳು ಯಾರ ಮಗಳೆಂದು ಅವರಿಗೂ ಗೊತ್ತು. ಇಬ್ಬರೂ ಒಂದೇ ಸಲ ಮುಖ ತಿರುಗಿಸಿ ಶೆಲ್ಫಿನಲ್ಲಿದ್ದ ಟೂತ್‌ಪೇಸ್ಟ್ ಡಬ್ಬಿಗಳನ್ನು ಓದತೊಡಗಿದರು. ಪೊಟ್ಟಣ ಕೈಗೆ ಬಂದದ್ದೇ ತಡ, ಸರ್ ಅಂಗಡಿಯ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿದು ಹೋಗಿಬಿಟ್ಟರು.

ಬುಗುರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದನ್ನು ಕೇಳಿದರೆ ಅಪ್ಪ ಎಷ್ಟು ಖುಷಿಪಡಬಹುದು! ಆದರೆ ಮನೆಗೆ ಬರುವಷ್ಟರಲ್ಲಿ ಅಮ್ಮ ಡ್ಯೂಟಿ ಮುಗಿಸಿ ಬಂದಿದ್ದಳು. ಅಮ್ಮನ ಎದುರು ಅಪ್ಪನ ಸೊಂಟದ ಮಾತು ಎತ್ತುವಂತಿಲ್ಲ. ಹಾಗಾಗಿ ಬುಗುರಿ ಆ ಸುದ್ದಿಯನ್ನು ಮಿಠಾಯಿಯ ಹಾಗೆ ಆಮೇಲಕ್ಕೆ ಅಂತ ಎತ್ತಿಟ್ಟುಕೊಂಡಳು.

ಅಮ್ಮ ಸಿಟಿ ಬಸ್ಸಿನ ಡ್ರೈವರು. ಇಡೀ ದಿನ ಕನ್ನಡಿಯಲ್ಲಿ ಹಿಂದಿನದನ್ನೆಲ್ಲ ನೋಡಿ ಅಭ್ಯಾಸ ಇದ್ದವಳು.

“ರೀ, ಯಾಕೆ ನಿಂತ್ಕೊಂಡು ಊಟ ಮಾಡ್ತಿದ್ದೀರಾ?”

“ನಿಂತು ತಿಂದ್ರೆ ಚೆನ್ನಾಗಿ ಜೀರ್ಣ ಆಗುತ್ತೆ. ಲೇಟೆಸ್ಟ್ ರಿಸರ್ಚು.”

“ಟಿವಿನೂ ನಿಂತೇ ನೋಡಿದ್ರಿ.”

“ಕಣ್ಣಿಗೂ ಒಳ್ಳೇದು.”

ಅಮ್ಮ ಮೂಗರಳಿಸಿದಳು. “ಇದೇನು ಘಾಟು? ಮುಲಾಮಿನ ವಾಸನೆ?”

“ಅದು ಬುಗುರಿ ಹೋಂವರ್ಕು,” ಅಂದುಬಿಟ್ಟ ಅಪ್ಪ, ಬೇರೇನೂ ಹೊಳೆಯದೆ.

“ಹೌದಾ ಬುಗುರಿ? ಯಾವ ಸಬ್ಜೆಕ್ಟು?”

“ಸೈನ್ಸು,” ಅಂದಳು ಬುಗುರಿ, ತಟ್ಟೆಯಿಂದ ತಲೆ ಎತ್ತದೆ.

ಅಮ್ಮ ಇಬ್ಬರನ್ನೂ ಒಂದೊಂದು ಸಲ ನೋಡಿದಳು. “ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಲಿಲ್ವಂತೆ,” ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ, ನೀರು ಕುಡಿದು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಅಪ್ಪನ ಟೀಶರ್ಟಿನ ಒಳಗೆ ಬುಗುರಿಯೇ ಬೆಲ್ಟು ಬಿಗಿದಳು. ಅಪ್ಪನ ಪ್ಲಾನು ಸುಲಭದ್ದು. ಮೊದಲೇ ಹೋಗಿ, ನೋವಾದರೂ ತಡೆದುಕೊಂಡು ಸ್ಟೂಲಿನ ಮೇಲೆ ಕೂತುಬಿಡುವುದು. ಬಾಯಲ್ಲಿ ಅಪ್ಪ ಹೇಳುವುದು, ಮುಂದೆ ನಿಂತು ಬುಗುರಿ ಮಾಡಿ ತೋರಿಸುವುದು.

ಆದರೆ ಮೆಟ್ಟಿಲು ಹತ್ತುವುದಕ್ಕೇ ಅಪ್ಪನಿಗೆ ಅರ್ಧ ಬೆಳಗು ಬೇಕಾಯಿತು. ಇಬ್ಬರೂ ಬಾಗಿಲಿಗೆ ಬಂದಾಗ ಎಲ್ಲರೂ ಚಾಪೆ ಹಾಸಿ ಕಾಯುತ್ತಿದ್ದರು. ಬಾಗಿಲಿಂದ ಸ್ಟೂಲಿನವರೆಗೆ ಎಲ್ಲರ ಕಣ್ಣೆದುರೇ ನಡೆಯಬೇಕಿತ್ತು.

ಮೊದಲ ಸಾಲಿನ ನಟ್ಟ ನಡುವೆ ಫಸ್ಟ್ ಬೆಂಚ್ ತಾತ ಇದ್ದರು. ಅವರು ರಿಟೈರಾದ ಹೆಡ್‌ಮಾಸ್ಟರು. ಜೀವಮಾನವಿಡೀ ಮಕ್ಕಳಿಗೆ “ಮೇಷ್ಟ್ರು ಮಾಡಿದ ಹಾಗೇ ಮಾಡಿ” ಎಂದು ಹೇಳಿ ಹೇಳಿ, ಈಗ ತಾವೇ ಹಾಗೆ ಮಾಡುತ್ತಿದ್ದರು. ಒಂದು ಸಲ ಅಪ್ಪ ಮೂಗು ತುರಿಸಿಕೊಂಡಾಗ ತಾತನೂ ತುರಿಸಿಕೊಂಡಿದ್ದರು. ತಾತನನ್ನು ನೋಡಿ ಹಿಂದಿನ ಸಾಲುಗಳೂ ತುರಿಸಿಕೊಂಡಿದ್ದವು. ಇನ್ನೊಂದು ಸಲ ಅಪ್ಪ “ಉಸಿರು ತಗೊಳ್ಳಿ” ಅಂದಾಗಲೇ ಫೋನು ಬಂದು, ಮಾತಾಡಿ ಮುಗಿಸುವವರೆಗೆ ಯಾರೂ ಉಸಿರು ಬಿಡದೆ ನಿಂತಿದ್ದರು. ಬೇಕರಿ ಆಂಟಿಯ ಮುಖ ಟೊಮೆಟೊ ಆಗಿತ್ತು. ಅಷ್ಟು ಶಿಸ್ತಿನ ಕ್ಲಾಸು ಅದು.

ಅಪ್ಪ ಹೆಜ್ಜೆ ಇಟ್ಟ. ಒಂದು ಭುಜ ಕೆಳಗೆ, ಒಂದು ಭುಜ ಮೇಲೆ, ಬಲಗೈ ಸೊಂಟದ ಮೇಲೆ. “ಅಯ್ಯಮ್ಮಾ.” ಇನ್ನೊಂದು ಹೆಜ್ಜೆ. “ಅಯ್ಯಮ್ಮಾ.”

ಬುಗುರಿ ಕಣ್ಣು ಮುಚ್ಚಿಕೊಂಡಳು. ಮುಗಿಯಿತು ಕತೆ, ಕ್ಲಾಸಿಗೆ ಬೀಗವೇ ಗತಿ ಅಂದುಕೊಂಡಳು.

ಕಣ್ಣು ಬಿಟ್ಟು ನೋಡಿದರೆ, ಫಸ್ಟ್ ಬೆಂಚ್ ತಾತ ಒಂದು ಭುಜ ಕೆಳಗೆ, ಒಂದು ಭುಜ ಮೇಲೆ ಮಾಡಿಕೊಂಡು, ಬಲಗೈಯನ್ನು ಸೊಂಟದ ಮೇಲೆ ಇಟ್ಟಿದ್ದರು. “ಅಯ್ಯಮ್ಮಾ,” ಅಂದರು ಭಕ್ತಿಯಿಂದ. ಹಿಂದಿನ ಸಾಲುಗಳೂ ವಾಲಿದವು. “ಅಯ್ಯಮ್ಮಾ!” ಎಂದು ಇಡೀ ಕ್ಲಾಸು ಕೂಗಿತು.

“ಹೊಸ ಸ್ಟೆಪ್ಪಾ ಸರ್?” ಎಂದು ಕೇಳಿದರು ಬೇಕರಿ ಆಂಟಿ. “ಏನಿದರ ಹೆಸರು?”

ಅಪ್ಪ ಒಮ್ಮೆ ಬುಗುರಿಯ ಮುಖ ನೋಡಿದ, ಒಮ್ಮೆ ಸೂರು ನೋಡಿದ. “ವಕ್ರ… ವಕ್ರಚಂದ್ರಾಸನ.”

“ಆಹಾ! ಹೆಸರು ಕೇಳಿದ್ರೇನೇ ಎಷ್ಟು ಹಳೇದು ಅನ್ಸುತ್ತೆ!”

“ತುಂಬಾ ಹಳೇದು,” ಅಂದ ಅಪ್ಪ. ನಿನ್ನೆ ಸಂಜೆಯದು ಅಂತ ಹೇಳಲಿಲ್ಲ.

“ಆ ಅಯ್ಯಮ್ಮಾ ಅನ್ನೋದು ಮಂತ್ರಾನಾ ಸರ್?”

“ಅದು ಒಳಗಿಂದ ತಾನಾಗೇ ಬರುತ್ತೆ,” ಅಂದ ಅಪ್ಪ. ಆವತ್ತು ಅವನು ಆಡಿದ ಮಾತುಗಳಲ್ಲಿ ಅದೊಂದು ಮಾತ್ರ ನಿಜ.

ಬುಗುರಿ ಮ್ಯೂಸಿಕ್ ಹಾಕುವ ನೆಪದಲ್ಲಿ ಸ್ಪೀಕರಿನ ಹಿಂದೆ ಅಡಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬೇಕರಿ ಆಂಟಿ ವಕ್ರಚಂದ್ರಾಸನದ ವೀಡಿಯೋ ಮಾಡಿ ಎಲ್ಲರಿಗೂ ಕಳಿಸಿದರು. ಮುಂದಿನ ದಿನ ಹೊಸಬರು ಬಂದರು. ಅದರ ಮುಂದಿನ ದಿನ, ಎದುರುಗಡೆಗೆ ಹೋಗಿದ್ದ ಹಳಬರು “ಎಷ್ಟಾದ್ರೂ ನಮ್ಮ ಸರ್ ನಮ್ಮ ಸರ್ರೇ” ಅನ್ನುತ್ತಾ ಚಾಪೆ ಹಿಡಿದುಕೊಂಡು ವಾಪಸು ಬಂದರು. ಬೀದಿಯಲ್ಲಿ ಜನ ಒಂದೇ ಕಡೆ ವಾಲಿಕೊಂಡು ಓಡಾಡತೊಡಗಿದರು. ಬೇಕರಿಯಲ್ಲಿ ಬ್ರೆಡ್ಡು ಕೊಳ್ಳಲು ನಿಂತವರ ಸಾಲು ಕೂಡ ಸೊಟ್ಟಗಿತ್ತು. ಕೆಳಗಿನ ಚಪ್ಪಲಿ ಅಂಗಡಿಯವರಿಗೆ ಒಳ್ಳೆ ಸುಗ್ಗಿ. ಯಾಕೆಂದರೆ ಎಲ್ಲರಿಗೂ ಬಲಗಾಲಿನ ಚಪ್ಪಲಿ ಮಾತ್ರ ಸವೆಯುತ್ತಿತ್ತು.

ಅಪ್ಪ ಕ್ಲಾಸಿನಲ್ಲಿ ನಗುನಗುತ್ತಾ ಇರುತ್ತಿದ್ದ. ಮನೆಗೆ ಬಂದರೆ ಕೂರಲಾರ, ಮಲಗಲಾರ. ಬೆಲ್ಟು ಬಿಚ್ಚುವಾಗ ಮಾತೇ ಆಡುತ್ತಿರಲಿಲ್ಲ. ಬುಗುರಿಯ ನಗುವೂ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಗುಟ್ಟು ಅವಳ ಬಾಯಲ್ಲಿ ಬಿಸಿ ತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

“ಅಪ್ಪಾ, ಹೇಳಿಬಿಡೋಣ,” ಅಂದಳು ಒಂದು ಸಂಜೆ.

“ಈಗಲಾ? ಹಾಲಲ್ಲಿ ಕಾಲಿಡೋಕೆ ಜಾಗ ಇಲ್ಲ, ಈಗ ಹೇಳಬೇಕಾ? ಇನ್ನೆರಡು ದಿನ ತಡ್ಕೋ. ತಾನೇ ವಾಸಿ ಆಗುತ್ತೆ.”

ರಜೆಯ ದಿನ ಕ್ಲಾಸಿನ ಹಾಲು ತುಂಬಿ, ಕೊನೆಯ ಸಾಲು ಮೆಟ್ಟಿಲಿನವರೆಗೆ ಹೋಗಿತ್ತು. ಬೇಕರಿ ಆಂಟಿ ಕೈ ಎತ್ತಿದರು.

“ಸರ್, ಇದನ್ನ ನಿಧಾನಕ್ಕೆ ಮಾಡಿ ಮಾಡಿ ಬೋರಾಯ್ತು. ಇದಕ್ಕೂ ಬಿರುಗಾಳಿ ಸ್ಪೀಡ್ ಕೊಡಿ!”

“ಹೌದು ಸರ್! ವಾಲಿಕೊಂಡೇ ಹಾರೋದು ಹೇಳ್ಕೊಡಿ!” ಎಂದು ಹಿಂದಿನವರೂ ಕೂಗಿದರು.

ಅಪ್ಪ ಸ್ಟೂಲಿನ ಮೇಲೆ ಕೂತು ತುಂಬಿದ ಹಾಲನ್ನು ನೋಡಿದ. ಇಷ್ಟು ಜನ ಅವನ ಕ್ಲಾಸಿಗೆ ಯಾವತ್ತೂ ಬಂದಿರಲಿಲ್ಲ. ಬೇಡ ಅನ್ನಲು ಅವನಿಗೆ ಮನಸ್ಸಾಗಲಿಲ್ಲ.

“ಸರಿ. ನಾನು ತಗೊಳ್ಳಿ ಅಂದಾಗ ಉಸಿರು ತಗೊಂಡು ವಾಲ್ಬೇಕು. ಬಿಡಿ ಅಂದಾಗ ಉಸಿರು ಬಿಟ್ಟು, ಹಿಂದಕ್ಕೆ ಹಾರ್ಬೇಕು. ಬುಗುರಿ ತೋರಿಸ್ತಾಳೆ, ನೋಡಿ.”

ಬುಗುರಿ ವಾಲಿದಳು, ಹಾರಿದಳು. ಹತ್ತು ವರ್ಷದ ಸೊಂಟಕ್ಕೆ ಅದೇನು ಮಹಾ! ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ತಿರುಗಿ, ಕ್ಲಾಸಿನ ಕಡೆ ಮುಖ ಮಾಡಿ ನಿಂತಳು.

“ರೆಡಿ,” ಅಂದ ಅಪ್ಪ. “ಉಸಿರು… ತಗೊಳ್ಳಿ!”

ಹಾಲಿನ ತುಂಬ ಎದೆಗಳು ಉಬ್ಬಿದವು. ಎಲ್ಲರೂ ಒಂದೇ ಕಡೆ ವಾಲಿದರು.

ಬುಗುರಿಯ ನೇರ ಎದುರಿಗೆ ಫಸ್ಟ್ ಬೆಂಚ್ ತಾತ ಇದ್ದರು. ಅವರು ಎಲ್ಲರಿಗಿಂತ ಚೆನ್ನಾಗಿ ವಾಲಿದ್ದರು. ಸೊಂಟದ ಮೇಲಿದ್ದ ಕೈ ಸೊಂಟವನ್ನು ಬಿಗಿಯಾಗಿ ಹಿಚುಕುತ್ತಿತ್ತು. ಹಣೆಯ ಮೇಲೆ ಬೆವರಿತ್ತು. ಬಾಯಿ ನಗುತ್ತಿತ್ತು. ಕಣ್ಣು ನಗುತ್ತಿರಲಿಲ್ಲ.

ಆ ಮುಖ ಬುಗುರಿಗೆ ಗೊತ್ತಿತ್ತು. ಬೀರುವಿನ ಹತ್ತಿರ ಅವಳು ಅದನ್ನು ತಲೆಕೆಳಗಾಗಿ ನೋಡಿದ್ದಳು.

ಇನ್ನೇನು ಅಪ್ಪ ಬಿಡಿ ಅನ್ನುತ್ತಾನೆ, ತಾತ ಹಾರುತ್ತಾರೆ.

“ತಾತಾ, ಹಾರಬೇಡಿ!”

ಅಪ್ಪ ಬೆಚ್ಚಿ ಅವಳ ಕಡೆ ನೋಡಿದ. ಬೇಡ, ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡ. ಬುಗುರಿಗೆ ಅಳು ಬಂತು, ಆದರೂ ಮಾತು ನಿಲ್ಲಲಿಲ್ಲ.

“ಇದು ಆಸನ ಅಲ್ಲ! ಅಪ್ಪಂಗೆ ಸೊಂಟ ಹಿಡ್ಕೊಂಡಿದೆ. ನನ್ನ ರಬ್ಬರ್ ತೆಗೆಯೋಕೆ ಹೋಗಿ ಹಿಡ್ಕೊಂಡಿದ್ದು. ನಾನೇ ಕೆಣಕಿದ್ದು. ಅಪ್ಪಂಗೆ ತುಂಬಾ ನೋವಾಗುತ್ತೆ. ಅಯ್ಯಮ್ಮಾ ಅಂದ್ರೆ ಮಂತ್ರ ಅಲ್ಲ, ಅಯ್ಯಮ್ಮಾ ಅಂದ್ರೆ ಅಯ್ಯಮ್ಮಾ!”

ಯಾರೂ ಮಾತಾಡಲಿಲ್ಲ. ಯಾರೂ ಅಲುಗಾಡಲೂ ಇಲ್ಲ. ಎಲ್ಲರಿಗೂ ಕೆಟ್ಟ ಸಿಟ್ಟು ಬಂದಿದೆ ಎಂದು ಬುಗುರಿ ಅಂದುಕೊಂಡಳು. ಆಮೇಲೆ ನೋಡುತ್ತಾಳೆ, ಬೇಕರಿ ಆಂಟಿಯ ಮುಖ ಟೊಮೆಟೊ ಆಗುತ್ತಿದೆ. ಅಪ್ಪ ಇನ್ನೂ ಬಿಡಿ ಅಂದಿರಲಿಲ್ಲ!

ಅಪ್ಪ ತಾತನ ಕೈಯನ್ನು ನೋಡಿದ. ಸೊಂಟ ಹಿಚುಕುತ್ತಿದ್ದ ಆ ಕೈಯನ್ನು ಈಗ ಅವನೂ ಕಂಡ. ಅವನ ಮುಖದ ಮೇಲಿದ್ದ ನಗು ಮೆಲ್ಲಗೆ ಇಳಿದು ಹೋಯಿತು.

“ಉಸಿರು… ಬಿಡಿ,” ಅಂದ. ಬಿರುಗಾಳಿಯ ದನಿಯಲ್ಲ ಅದು, ಹಳೆಯ ನೆಮ್ಮದಿ ಯೋಗದ ದನಿ. “ಹಾರಬೇಡಿ. ಸುಮ್ನೆ ಬಿಡಿ, ಅಷ್ಟೆ.”

ಹಾಲಿಗೆ ಹಾಲೇ “ಉಸ್ಸ್” ಅಂದಿತು. ಕಿಟಕಿಯ ಪರದೆ ಅಲುಗಾಡಿತು. ಎಲ್ಲರದೂ ಮುಗಿದ ಮೇಲೂ ಒಂದು ಉಸಿರು ಉದ್ದಕ್ಕೆ ಹೊರಬರುತ್ತಲೇ ಇತ್ತು. ಅದು ಅಪ್ಪನದು.

“ಅಂದ್ರೆ ನಾನು ಒಂದು ವಾರದಿಂದ ಮನೆ ತುಂಬ ಅಯ್ಯಮ್ಮಾ ಅನ್ಕೊಂಡು ಓಡಾಡಿದ್ದು ಸುಮ್ಮನೇನಾ?” ಅಂದರು ಬೇಕರಿ ಆಂಟಿ. “ನಮ್ಮನೆಯವ್ರೂ ಜೊತೆಗೆ ಅಯ್ಯಮ್ಮಾ ಅಂತಿದ್ರು ಸರ್!”

“ಮೋಸ!” ಎಂದು ಹೊಸಬರು ಕೆಲವರು ಚಾಪೆ ಸುತ್ತಿದರು. ನೇರವಾಗಿ ನಡೆಯುತ್ತಾ ಮೆಟ್ಟಿಲಿಳಿದು ಎದುರು ಕಟ್ಟಡಕ್ಕೆ ಹೋದರು. ಅವರ ಹಿಂದೆ ಇನ್ನೂ ಕೆಲವರು ಹೋದರು. ಚಾಪೆಗಳ ನಡುವೆ ನೆಲ ಕಾಣಿಸತೊಡಗಿತು. ಅಪ್ಪ ಯಾರನ್ನೂ ತಡೆಯಲಿಲ್ಲ.

ಫಸ್ಟ್ ಬೆಂಚ್ ತಾತ ಮಾತ್ರ ವಾಲಿಕೊಂಡೇ ಇದ್ದರು.

“ತಾತಾ, ಇನ್ನು ನೆಟ್ಟಗೆ ನಿಂತ್ಕೊಳ್ಳಿ,” ಅಂದಳು ಬುಗುರಿ.

“ಆಗ್ತಾ ಇಲ್ಲ ಮಗೂ. ಮೊನ್ನೆಯಿಂದ ನಂಗೂ ಹಿಡ್ಕೊಂಡಿದೆ.”

“ನನ್ನ 'ಆಸನ' ಮಾಡೇ ಹಿಡ್ಕೊಂಡಿದ್ದಾ?” ಅಪ್ಪನ ದನಿ ಸಣ್ಣದಾಗಿತ್ತು. “ಯಾಕೆ ಹೇಳ್ಲಿಲ್ಲ ನೀವು?”

“ಹೇಗೆ ಹೇಳೋದು?” ತಾತ ಕಿಟಕಿಯಾಚೆ ತೂಗುತ್ತಿದ್ದ ಬ್ಯಾನರಿನ ಕಡೆ ಕೈ ತೋರಿಸಿದರು. “ಇಲ್ಲಿ ಆ ಮಾತೇ ಇಲ್ಲ ಅಂತ ಬರೆಸಿದ್ದೀರಲ್ಲ. ಬಂದಾಗೆಲ್ಲ ಓದ್ತೀನಿ. ನಂಗೊಬ್ಬನಿಗೇ ನೋವು ಅಂತ ನಾಚಿಕೆ ಆಗ್ತಿತ್ತು.”

“ನಂಗೆ ಮಂಡಿ,” ಅಂದರು ಬೇಕರಿ ಆಂಟಿ, ಮೆಲ್ಲಗೆ.

“ನಂಗೆ ಕುತ್ತಿಗೆ,” ಎಂದು ಹಿಂದಿನ ಸಾಲಿನಿಂದ ಒಂದು ದನಿ ಬಂತು.

ಅಪ್ಪ ಸ್ಟೂಲಿನಿಂದ ಇಳಿದ. ಬುಗುರಿಯ ಭುಜ ಹಿಡಿದು ಮೆಲ್ಲಗೆ ಚಾಪೆಯ ಮೇಲೆ ಒರಗಿ, ಮಂಡಿ ಮಡಿಸಿ ಮಲಗಿದ. ತಾತನನ್ನೂ ಪಕ್ಕದಲ್ಲೇ ಹಾಗೇ ಮಲಗಿಸಿದ. “ನನ್ನಿಂದ ತಪ್ಪಾಯ್ತು, ಯಜಮಾನರೇ. ಸಾಯಂಕಾಲ ಇಬ್ರೂ ಡಾಕ್ಟರ ಹತ್ರ ಹೋಗೋಣ,” ಅಂದ. ಉಳಿದವರು ಒಬ್ಬರನ್ನೊಬ್ಬರು ನೋಡಿಕೊಂಡು ಅವರವರ ಚಾಪೆಯ ಮೇಲೆ ಮಲಗಿದರು. ಎಷ್ಟೋ ದಿನದ ಮೇಲೆ ಶವಾಸನ ಹೋಂವರ್ಕಾಗದೆ ಕ್ಲಾಸಿನಲ್ಲೇ ನಡೆಯಿತು.

ಅಷ್ಟು ಹೊತ್ತಿಗೆ ಅಮ್ಮ ಬೆಳಗಿನ ಟ್ರಿಪ್ಪು ಮುಗಿಸಿ, ಯೂನಿಫಾರ್ಮಿನಲ್ಲೇ ಮೆಟ್ಟಿಲು ಹತ್ತಿ ಬಂದಳು. ಮಲಗಿದವರ ನಡುವೆ ಹುಷಾರಾಗಿ ಹೆಜ್ಜೆ ಇಟ್ಟು ಅಪ್ಪನ ಹತ್ತಿರ ಕೂತಳು. ತನ್ನ ಬ್ಯಾಗಿನಿಂದ ಒಂದು ಹಾಟ್ ವಾಟರ್ ಬ್ಯಾಗು ತೆಗೆದಳು.

“ಇದನ್ನ ಯಾವಾಗ ತಗೊಂಡೆ?” ಎಂದು ಕೇಳಿದ ಅಪ್ಪ.

“ಸೈನ್ಸ್ ಹೋಂವರ್ಕಿನ ಮರುದಿನವೇ. ದಿನಾ ಬಸ್ಸಲ್ಲಿ ಸುತ್ತಾಡಿಸ್ತಾ ಇದೀನಿ ಇದನ್ನ. ನೀವು ಬಾಯಿ ಬಿಡ್ಲಿ ಅಂತ ಕಾಯ್ತಿದ್ದೆ.”

ಅಪ್ಪ ಬುಗುರಿಯ ಕೈಯನ್ನು ಹುಡುಕಿ ಹಿಡಿದುಕೊಂಡ. ಅವಳ ಕೈಯನ್ನು ಬಿಡಲೇ ಇಲ್ಲ.

ಡಾಕ್ಟರು ಅಪ್ಪನಿಗೂ ತಾತನಿಗೂ ಒಂದೇ ಮಾತ್ರೆ, ಒಂದೇ ಬೈಗುಳ ಕೊಟ್ಟರು. ಬ್ಯಾನರು ಕೆಳಗಿಳಿಯಿತು. ಚಪ್ಪಲಿ ಅಂಗಡಿಯವರು ಅದನ್ನು ಬಿಸಿಲಿಗೆ ಮರೆಯಾಗಿ ಕಟ್ಟಿಕೊಂಡರು. ಈಗ ಬಿಲ್ಲಿನ ಹಾಗೆ ಬಾಗಿದ ಅಪ್ಪ ಹಗಲೆಲ್ಲ ಚಪ್ಪಲಿಗಳಿಗೆ ನೆರಳು ಕೊಡುತ್ತಿದ್ದ. ಮೇಲಿನ ಬೋರ್ಡಿನಲ್ಲಿ ಬಿರುಗಾಳಿ ಅಳಿಸಿ ಹೋಗಿತ್ತು. ಅದರ ಜಾಗದಲ್ಲಿ ಏನೂ ಬರೆದಿರಲಿಲ್ಲ, ಬರೀ ಯೋಗ ಎಂದಷ್ಟೇ ಉಳಿದಿತ್ತು. ಜನವೂ ಸ್ವಲ್ಪವೇ ಉಳಿದಿದ್ದರು. ಬೀಗ ಮಾತ್ರ ಬಿದ್ದಿರಲಿಲ್ಲ.

ಒಂದು ಬೆಳಿಗ್ಗೆ ಬುಗುರಿ ಕ್ಲಾಸಿನ ಬಾಗಿಲು ತೆಗೆಯಲು ಬರುತ್ತಿದ್ದಾಗ, ರಸ್ತೆಯಲ್ಲಿ ಹಳದಿ ಶೂ ಎದುರಾಯಿತು. ಮಿಂಚು ಯೋಗದ ಸರ್ ಆ ಕಡೆ ಈ ಕಡೆ ನೋಡಿದರು.

“ನಿಮ್ಮ ಅಜ್ಜಿ ಹೇಗಿದ್ದಾರೆ?” ಎಂದು ಕೇಳಿದರು ಪಿಸುಮಾತಿನಲ್ಲಿ.

“ಪರವಾಗಿಲ್ಲ ಸರ್. ನಮ್ಮ ಅಜ್ಜಿ ವಿಷಯ ಎಲ್ರಿಗೂ ಗೊತ್ತಾಗೋಯ್ತು. ಈಗ ಕೂತ್ಕೊಂಡು ಊಟ ಮಾಡ್ತಾರೆ.” ಬುಗುರಿಯೂ ದನಿ ತಗ್ಗಿಸಿ ಕೇಳಿದಳು, “ನಿಮ್ಮ ಅಜ್ಜಿ?”

ಸರ್ ತಲೆ ಎತ್ತಿ ತಮ್ಮ ಕಟ್ಟಡದ ಬ್ಯಾನರನ್ನು ನೋಡಿದರು. ಅದರಲ್ಲಿ ಅವರು ಒಂದೇ ಕೈಯ ಮೇಲೆ ತಲೆಕೆಳಗಾಗಿ ನಿಂತು ನಗುತ್ತಿದ್ದರು.

“ಕ್ಲಾಸಿನವ್ರನ್ನ ಹಾರಿಸೋದು ನಿಲ್ಸಿದ್ದಾರೆ,” ಅಂದರು. “ಆದ್ರೆ ಯಾಕೆ ಅಂತ ಇನ್ನೂ ಯಾರಿಗೂ ಹೇಳಿಲ್ಲ.”

ಆಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಹೋದರು.

ಬುಗುರಿ ಮೇಲೆ ಬಂದು ಬಾಗಿಲು, ಕಿಟಕಿ ತೆರೆದು ಕಸ ಗುಡಿಸುವಷ್ಟರಲ್ಲಿ, ಹಿಂದೆ ಬರುತ್ತಿದ್ದ ಅಪ್ಪ ಮೆಟ್ಟಿಲು ಹತ್ತಿ ಮುಗಿಸಿದ. ಈಗ ಅವನು ಒಂದೇ ಒಂದು ಸಲ ಅಯ್ಯಮ್ಮಾ ಅನ್ನುತ್ತಿದ್ದ, ಅದೂ ಎಲ್ಲರಿಗೂ ಕೇಳುವ ಹಾಗೆ.

“ಆ ಮಿಂಚಿನವನ ಜೊತೆ ಏನು ಮಾತಾಡ್ತಿದ್ದೆ?”

“ಅಜ್ಜಿ ವಿಷಯ.”

“ಯಾವ ಅಜ್ಜಿ?” ಅಪ್ಪನ ಕಣ್ಣು ಮಿನುಗಿತು. “ಏನೋ ಗುಟ್ಟಿದೆ! ಹೇಳು, ಹೇಳು. ಏನು ಮಾಡ್ಕೊಂಡಿದ್ದಾನೆ ಅವನು?”

ಎತ್ತಿಟ್ಟ ಮಿಠಾಯಿ ಬುಗುರಿಗೆ ನೆನಪಾಯಿತು. ಒಂದು ಮಾತು ಹೇಳಿದರೆ ಸಾಕು, ಅಪ್ಪ ಸೊಂಟದ ನೋವನ್ನೆಲ್ಲ ಮರೆತು ನಗುತ್ತಾನೆ.

ಎದುರಿನ ಕಿಟಕಿಯಲ್ಲಿ ಮಿಂಚು ಯೋಗದವರೆಲ್ಲ ಕಣ್ಣು ಮುಚ್ಚಿ ಕೂತಿದ್ದರು. ಢಂ ಢಂ ಮ್ಯೂಸಿಕ್ಕು ಇರಲಿಲ್ಲ. ಅವರ ಮುಂದೆ ಸರ್ ಒಬ್ಬರೇ ಗೋಡೆಗೆ ಒರಗಿ ನಿಂತಿದ್ದರು. ಯಾರೂ ನೋಡುತ್ತಿಲ್ಲವೆಂದು ಸೊಂಟದ ಮೇಲೆ ಮೆಲ್ಲಗೆ ಕೈ ಇಟ್ಟುಕೊಂಡರು.

ಬುಗುರಿ ಎದೆ ತುಂಬ ಉಸಿರು ತೆಗೆದುಕೊಂಡಳು.

“ಹೂಂ, ಉಸಿರು ಬಿಡು ಮತ್ತೆ!” ಅಂದ ಅಪ್ಪ.

“ಅದನ್ನ ಆ ಅಜ್ಜಿನೇ ಬಿಡ್ಲಿ ಅಪ್ಪಾ,” ಅಂದಳು ಬುಗುರಿ. ಮೂಲೆಯಲ್ಲಿದ್ದ ಚಾಪೆಗಳನ್ನು ಎತ್ತಿಕೊಂಡು, ಮೊದಲು ತಾತನ ಚಾಪೆಯನ್ನು ಹಾಸತೊಡಗಿದಳು.